ಹುಳಿ ಹಾಕದ ಕೆಸು

ಊರಿಗೆ ಬಂದ ಮೇಲೆ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. "ಸೌದಿಯಲ್ಲಿ ಎಂತೆಲ್ಲ ನೋಡಿದಿರಿ ಟೀಚರ್?" ಒಂಟೆ ನೋಡಿದಿರಾ, ಮರಳುಗಾಳಿ ನೋಡಿದಿರಾ, ಚಿನ್ನದ ಅಂಗಡಿ ನೋಡಿದಿರಾ ಎಂದು ಬಸ್ಸಿನಲ್ಲಿ, ಮದುವೆಮನೆಯಲ್ಲಿ, ಸೊಸೈಟಿಯ ಸಾಲಿನಲ್ಲಿ ನಿಲ್ಲಿಸಿ ಕೇಳಿದರು. ನಾನು ಅಲ್ಲಿದ್ದ ಮೂರು ತಿಂಗಳಲ್ಲಿ ಮುಖ್ಯವಾಗಿ ನೋಡಿದ್ದು ಒಂದು ಅಡುಗೆಮನೆ. ಅದೂ ಸೌದಿಯವರದ್ದಲ್ಲ, ಸೈಪ್ರಸ್ ದ್ವೀಪದಿಂದ ಬಂದಿದ್ದ ಗಂಡಹೆಂಡತಿಯದ್ದು. ಆ ಅಡುಗೆಮನೆಯಲ್ಲಿ ನಾನು ಬಾಯಿ ತೆರೆಯಬೇಕಾದ ಹೊತ್ತಿನಲ್ಲಿ ತೆರೆಯಲಿಲ್ಲ. ಅದನ್ನು ಬಸ್ಸಿನಲ್ಲಿ ಹೇಳಲಾಗದೆ ಇಲ್ಲಿ ಬರೆಯುತ್ತಿದ್ದೇನೆ.

ಇಳಿದ ದಿನ

ನಾನು ಕಾರ್ಕಳದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತಳಾದವಳು. ಮಗಳು ಪ್ರತಿಮಾ ತಬೂಕಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಅಳಿಯ ಹರೀಶ ಅಲ್ಲಿಯೇ ಯಂತ್ರಗಳ ರಿಪೇರಿ ಕೆಲಸದಲ್ಲಿದ್ದಾನೆ. ವೀಸಾ ಆಯಿತು ಎಂದು ಹೇಳಿದ ಫೋನಿನಲ್ಲಿಯೇ ಮಗಳು ಒಂದು ಬೇಡಿಕೆ ಇಟ್ಟಳು.

"ಇಲ್ಲಿ ಎಲ್ಲ ಸಿಗ್ತದೆ ಅಮ್ಮ. ಪತ್ರೊಡೆಗೆ ಕೆಸುವಿನ ಎಲೆ ಒಂದು ಇಲ್ಲ. ನಾಲ್ಕು ಗಡ್ಡೆ ತಾ, ಬಾಲ್ಕನಿಯ ಕುಂಡದಲ್ಲಿ ನೆಡುವ."

ಮಳೆಗಾಲಕ್ಕೆ ನೆಡಲೆಂದು ಬಚ್ಚಲಿನ ಹಿಂದೆ ಬೂದಿಯಲ್ಲಿ ಹೂತಿಟ್ಟಿದ್ದ ಗಡ್ಡೆಗಳಲ್ಲಿ ಒಂದಿಪ್ಪತ್ತನ್ನು ಆರಿಸಿ, ಮಣ್ಣು ಕೊಡವಿ, ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ ಪೆಟ್ಟಿಗೆಗೆ ಹಾಕಿದೆ. ನಮ್ಮ ಹಿತ್ತಿಲಿನ ಕೆಸು ಎಲೆಗೆ ಒಳ್ಳೆಯದು. ಗಡ್ಡೆ ಮಾತ್ರ ತುರಿಸುವ ಜಾತಿ. ಹುಣಸೆಹುಳಿ ಹಿಂಡಿ, ಕುದಿಸಿ, ಆ ನೀರು ಚೆಲ್ಲಿ, ಮತ್ತೆ ಹುಳಿ ಹಾಕಿ ಬೇಯಿಸದೆ ಅದನ್ನು ಯಾರೂ ಬಾಯಿಗೆ ಇಡುವುದಿಲ್ಲ.

ಜೆದ್ದಾದಲ್ಲಿ ಪೆಟ್ಟಿಗೆ ತೆರೆಸಿದರು. ನಾನು ಮೊದಲ ಬಾರಿಗೆ ಅಬಾಯ ಎಂಬ ಕರಿ ನಿಲುವಂಗಿ ಹಾಕಿದವಳು, ಅದರ ಅಂಚನ್ನು ನಾನೇ ತುಳಿದು ಮೇಜಿನ ಮೇಲೆ ಮುಗ್ಗರಿಸಿದೆ. ಅಧಿಕಾರಿ ಸೀರೆಯ ಗಂಟು ಬಿಚ್ಚಿ, ಕಂದು ಕೂದಲಿನ ಆ ಗಡ್ಡೆಗಳನ್ನು ನೋಡಿ ಹುಬ್ಬು ಗಂಟಿಕ್ಕಿದ. ನನ್ನ ಇಂಗ್ಲಿಷು ಅವನಿಗೆ ತಿಳಿಯಲಿಲ್ಲ, ಅವನ ಅರಬ್ಬಿ ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಗಾಡಿ ತಳ್ಳುತ್ತಿದ್ದ ಈಜಿಪ್ಟಿನ ಮುದುಕನೊಬ್ಬ ಇಣುಕಿ ನೋಡಿ, ಕಳೆದುಹೋದ ನೆಂಟನನ್ನು ಕಂಡವನ ಹಾಗೆ "ಕುಲ್ಕಾಸ್! ಕುಲ್ಕಾಸ್!" ಎಂದು ಕೂಗಿದ. ಅಧಿಕಾರಿಗೂ ನಗು ಬಂತು. "ತಿನ್ನಲಿಕ್ಕಾ?" ಎಂದು ಕೈಸನ್ನೆ ಮಾಡಿ ಕೇಳಿದ. ನೆಡಲು ಎಂದರೆ ಕಿತ್ತಿಟ್ಟುಕೊಂಡಾನು ಎಂದು ಹೆದರಿ, ಹೌದು ತಿನ್ನಲಿಕ್ಕೇ ಎಂದು ತಲೆಯಾಡಿಸಿದೆ.

ತಬೂಕ್ ನಾನು ಊಹಿಸಿದ ಊರಲ್ಲ. ಅಗಲ ರಸ್ತೆಗಳು, ದೂರದಲ್ಲಿ ಬೋಳು ಗುಡ್ಡಗಳು, ಪಟ್ಟಣ ದಾಟಿದರೆ ನೀರು ಚಿಮ್ಮಿಸಿ ಬೆಳೆಸಿದ ದುಂಡನೆಯ ಹಸಿರು ಹೊಲಗಳು. ಮೇ ತಿಂಗಳ ಸೆಕೆಯಲ್ಲಿ ಬೆವರೇ ಇಲ್ಲ. ನಮ್ಮಲ್ಲಿ ಬೆವರಿ ಬೆವರಿ ಸಾಯುತ್ತೇವೆ, ಅಲ್ಲಿ ಎರಡನೆಯ ದಿನವೇ ಮೂಗು ಒಣಗಿ ರಕ್ತ ಬಂತು. ಪ್ರತಿಮಾ ಗಡ್ಡೆಗಳನ್ನು ನೋಡಿ ಚಿಕ್ಕ ಹುಡುಗಿಯ ಹಾಗೆ ಕುಣಿದಳು. ಆರು ಗಡ್ಡೆ ಕುಂಡಕ್ಕೆ ಹೋದವು. ಉಳಿದವು ಅಡುಗೆಮನೆಯ ಮೂಲೆಯಲ್ಲಿ ಉಳಿದವು.

ಮೂರನೆಯ ಮಹಡಿ

ಮಗಳ ಮನೆ ಎರಡನೆಯ ಮಹಡಿಯಲ್ಲಿತ್ತು. ಡ್ಯೂಟಿ ಮುಗಿಸಿ ಬಂದು ಚಹಾ ಕುಡಿದವಳೇ ಅವಳು ದಿನಾ ಮೇಲಿನ ಮನೆಗೆ ಹೋಗುತ್ತಿದ್ದಳು. ಅಲ್ಲಿದ್ದ ಪೆಂಬೆಗೆ ನೋವಿನ ಇಂಜೆಕ್ಷನ್ ಕೊಡುವುದಕ್ಕೆ. ಒಂದು ವಾರ ಕಳೆದ ಮೇಲೆ ನನ್ನನ್ನೂ ಕರೆದುಕೊಂಡು ಹೋದಳು.

"ಅಮ್ಮ, ಹೆಚ್ಚು ಎಂತ ಕೇಳ್ಬೇಡ. ಕರುಳಿನ ಕ್ಯಾನ್ಸರ್. ಮದ್ದು ನಿಲ್ಸಿದ್ದಾರೆ" ಎಂದು ಮೆಟ್ಟಿಲಿನಲ್ಲಿ ಹೇಳಿದಳು.

ಪೆಂಬೆ ಎಂದರೆ ಅವರ ಭಾಷೆಯಲ್ಲಿ ಗುಲಾಬಿ ಬಣ್ಣವಂತೆ. ಸೋಫಾದಲ್ಲಿ ದಿಂಬುಗಳ ನಡುವೆ ಒರಗಿದ್ದ ಆ ಹೆಂಗಸಿನ ಮೈಯಲ್ಲಿ ಯಾವ ಬಣ್ಣವೂ ಉಳಿದಿರಲಿಲ್ಲ. ನನ್ನದೇ ಪ್ರಾಯ, ಐವತ್ತೆಂಟು. ಗಂಡ ಸಾಲಿಹ್ ಎತ್ತರದ ಆಳು. ಹಣ್ಣಿನ ತೋಟದ ಕಂಪೆನಿಯೊಂದರಲ್ಲಿ ಪೀಚ್ ಮರಗಳಿಗೆ ಕಸಿ ಕಟ್ಟುವ ಕೆಲಸ. ಇಬ್ಬರೂ ಸೈಪ್ರಸ್ಸಿನ ತುರ್ಕಿ ಮಾತಿನವರು. ಕೆಲವು ವರ್ಷ ಲಂಡನ್ನಿನಲ್ಲಿದ್ದದ್ದರಿಂದ ಇಂಗ್ಲಿಷು ಬರುತ್ತಿತ್ತು. ಸೈಪ್ರಸ್ಸನ್ನು ನಾನು ಭೂಪಟದಲ್ಲಿ ಮಕ್ಕಳಿಗೆ ಎಷ್ಟೋ ಸಲ ಕೋಲಿನಿಂದ ಮುಟ್ಟಿ ತೋರಿಸಿದ್ದೇನೆ. ಅಲ್ಲಿಯವರು ಏನು ಉಣ್ಣುತ್ತಾರೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಕುಳಿತ ಕೂಡಲೇ ಸಾಲಿಹ್ ಒಂದು ತಟ್ಟೆ ತಂದರು. ಅದರಲ್ಲಿ ಒಂದು ಲೋಟ ನೀರು, ಒಂದು ಚಮಚ, ಚಮಚದಲ್ಲಿ ಪಾಕದಲ್ಲಿ ಮುಳುಗಿದ ಕಪ್ಪನೆಯ ಒಂದು ಉಂಡೆ. ನಾನು ಅಭ್ಯಾಸಬಲದಿಂದ ಬಲಗೈ ಚಾಚಿ ಅಂಗೈ ಕುಳಿ ಮಾಡಿದೆ. ಅವರು ಗಲಿಬಿಲಿಯಾಗಿ ಹೆಂಡತಿಯ ಮುಖ ನೋಡಿದರು. ಪ್ರತಿಮಾ "ಅಮ್ಮಾ, ತೀರ್ಥ ಅಲ್ಲ ಮಾರಾಯ್ತಿ, ಚಮಚವೇ ಬಾಯಿಗೆ" ಎಂದು ಪಿಸುಗುಟ್ಟಿದಳು. ಪೆಂಬೆ ನಕ್ಕರು. ನಗು ಕೆಮ್ಮಾಗಿ, ಕೆಮ್ಮು ನೋವಾಗಿ ಅವರು ಹೊಟ್ಟೆ ಹಿಡಿದುಕೊಂಡರು.

ಅದು ಎಳೆಯ ಅಕ್ರೋಟು. ಒಳಗಿನ ಚಿಪ್ಪು ಗಟ್ಟಿಯಾಗುವ ಮೊದಲೇ ಕಿತ್ತು, ದಿನಗಟ್ಟಲೆ ನೀರು ಬದಲಿಸಿ ಕಹಿ ತೆಗೆದು, ಲವಂಗ ಹಾಕಿ ಸಕ್ಕರೆಪಾಕದಲ್ಲಿ ಇಡುತ್ತಾರೆ. ಅದಕ್ಕೆ ಅವರು ಮಾಜುನ್ ಎನ್ನುತ್ತಾರೆ. ಮನೆಗೆ ಬಂದವರಿಗೆ ಮೊದಲು ಅದು, ಆಮೇಲೆ ನೀರು, ಆಮೇಲೆ ಮಾತು. ನಾವು ಬೆಲ್ಲ ನೀರು ಕೊಡುತ್ತಿದ್ದ ಹಾಗೆ. ಊರಿನಿಂದ ತಂದ ಕೊನೆಯ ಬಾಟಲಿ ಎಂದು ಸಾಲಿಹ್ ಹೇಳಿದರು. ಮುಂದಿನ ಬಾಟಲಿ ಯಾವಾಗ ಎಂದು ಕೇಳುವ ಧೈರ್ಯ ನನಗೆ ಆಗಲಿಲ್ಲ.

ಅವರ ಕಷ್ಟ ಹೀಗಿತ್ತು. ಸಾಲಿಹ್ ಕೆಲಸ ಬಿಟ್ಟಾಗಿತ್ತು. ಪಾಸ್‌ಪೋರ್ಟಿಗೆ ದೇಶ ಬಿಟ್ಟು ಹೋಗುವ ಕೊನೆಯ ಎಕ್ಸಿಟ್ ಮುದ್ರೆ ಬಿದ್ದಾಗಿತ್ತು. ಗಡುವಿನೊಳಗೆ ಹೆಂಡತಿಯನ್ನು ದ್ವೀಪಕ್ಕೆ ಮುಟ್ಟಿಸಬೇಕು, ಕಾಲ ಬಂದಾಗ ಪೆಂಬೆಯ ಅಮ್ಮನ ಗೋರಿಯ ಪಕ್ಕದಲ್ಲಿ ಮಣ್ಣು ಮಾಡಬೇಕು. ಇದನ್ನು ಅವರು ಹೆಂಡತಿಯ ಎದುರೇ ಹೇಳಿದರು, ಪೆಂಬೆ ತಲೆಯಾಡಿಸಿದರು. ಆದರೆ ವಿಮಾನದವರಿಗೆ ಡಾಕ್ಟರ ಪತ್ರ ಬೇಕು. ಡಾಕ್ಟರು ಹೇಳಿದ್ದು, ಬಾಯಿಂದ ಸ್ವಲ್ಪವಾದರೂ ಊಟ ಸೇರಲಿ, ನಾಲ್ಕು ಗಂಟೆ ಕುಳಿತಿರುವ ಶಕ್ತಿ ಬರಲಿ, ಆಮೇಲೆ ಸಹಿ ಹಾಕುತ್ತೇನೆ. ಪೆಂಬೆಯ ಬಾಯಿಯ ಒಳಗೆಲ್ಲ ಹುಣ್ಣು. ಊಟದ ವಾಸನೆಗೇ ಅವರು ಮುಖ ತಿರುಗಿಸುತ್ತಿದ್ದರು.

ನಾಲ್ಕು ಗಂಟೆಯ ತಟ್ಟೆಗಳು

ಆಮೇಲೆ ನಾನು ದಿನಾ ನಾಲ್ಕು ಗಂಟೆಗೆ ಮೇಲೆ ಹೋಗತೊಡಗಿದೆ. ಮಗಳು ಅಳಿಯ ಇಬ್ಬರೂ ಕೆಲಸಕ್ಕೆ ಹೋದರೆ ಕೆಳಗೆ ನನಗೆ ಮಾತಾಡಲು ಗೋಡೆ ಮಾತ್ರ. ಮೇಲೆ ಒಂದು ವಿಚಿತ್ರ ಕಾದಿತ್ತು. ತಿನ್ನಲಾಗದ ಪೆಂಬೆ ನನಗೆ ತಿನ್ನಿಸುತ್ತಿದ್ದರು.

"ನೀವು ತಿನ್ನಿ ಟೀಚರ್. ನಾನು ನೋಡುತ್ತೇನೆ."

ಸಾಲಿಹ್ ಸಣ್ಣ ಸಣ್ಣ ತಟ್ಟೆಗಳನ್ನು ಒಂದೊಂದಾಗಿ ತಂದಿಡುವರು. ಕಲ್ಲಿನಿಂದ ಜಜ್ಜಿದ ಹಸಿರು ಆಲಿವ್ ಕಾಯಿ, ಮೇಲೆ ಬೆಳ್ಳುಳ್ಳಿ, ಕುಟ್ಟಿದ ಕೊತ್ತಂಬರಿ, ನಿಂಬೆ. ಆ ಕೊತ್ತಂಬರಿಯ ಪರಿಮಳಕ್ಕೆ ನನಗೆ ನಮ್ಮ ಸಾರಿನ ನೆನಪಾಗುತ್ತಿತ್ತು. ಒಣಗಿದ ಪುದೀನ ಉದುರಿಸಿ ಮಡಚಿದ ಹೆಲ್ಲಿಮ್ ಎಂಬ ಚೀಸನ್ನು ಕಾವಲಿಯಲ್ಲಿ ಸುಟ್ಟು ಕಲ್ಲಂಗಡಿ ಹಣ್ಣಿನ ಜೊತೆ ಕೊಡುವರು. ಉಪ್ಪು ಮತ್ತು ಸಿಹಿ ಒಟ್ಟಿಗೆ. ಅಗಿದರೆ ಹಲ್ಲಿನ ಅಡಿಯಲ್ಲಿ ಕೀಚ್ ಎನ್ನುತ್ತದೆ. ನಮ್ಮಲ್ಲಿ ಹಾಲು ಒಡೆದರೆ ಮನೆಯವರ ಮುಖ ಸಣ್ಣದಾಗುತ್ತದೆ. ಅವರಲ್ಲಿ ಇಡೀ ಓಣಿಯ ಹೆಂಗಸರು ಸೇರಿ, ಇವತ್ತು ಇವಳ ಮನೆಗೆ ಎಲ್ಲರ ಹಾಲು, ನಾಳೆ ಅವಳ ಮನೆಗೆ ಎಂದು ಸರದಿ ಇಟ್ಟು ಬೇಕೆಂದೇ ಹಾಲು ಒಡೆಸುತ್ತಿದ್ದರಂತೆ. ತಬೂಕಿನ ಅಂಗಡಿಯಲ್ಲಿ ಸಿಗುವ ಹೆಲ್ಲಿಮ್ ದನದ ಹಾಲಿನದ್ದು, ರಬ್ಬರು ಎಂದು ಪೆಂಬೆ ಮೂಗು ಮುರಿಯುವರು. ಆಡಿನ ಹಾಲಿನ ವಾಸನೆ ಇರಬೇಕು, ಇಲ್ಲದಿದ್ದರೆ ಅದು ಹೆಲ್ಲಿಮ್ ಅಲ್ಲ.

ನಾನು ಒಂದೊಂದು ತುತ್ತು ಬಾಯಿಗೆ ಹಾಕಿದಾಗಲೂ ಅವರು "ಆಫಿಯೆತ್ ಒಲ್ಸುನ್" ಎನ್ನುವರು. ತಿಂದದ್ದು ಮೈಗೆ ಹಿಡಿಯಲಿ ಎಂದು ಅರ್ಥ. ತಿಂದವರು ಅಡುಗೆ ಮಾಡಿದವರಿಗೆ "ಎಲಿನೆ ಸಾಲಿಕ್" ಎನ್ನಬೇಕು, ನಿನ್ನ ಕೈ ಗಟ್ಟಿಯಾಗಿರಲಿ ಎಂದು. ನಾನು ಸಾಲಿಹ್‌ಗೆ ಅದನ್ನು ತಪ್ಪುತಪ್ಪಾಗಿ ಹೇಳಿದರೆ ಪೆಂಬೆ ತಿದ್ದುವರು. ನಮ್ಮಲ್ಲಿ ಬಡಿಸುವವರಿಗೆ ಸಾಕು ಸಾಕು ಎಂದು ಕೈ ಅಡ್ಡ ಹಿಡಿಯುವುದನ್ನು ಬಿಟ್ಟರೆ ಬೇರೆ ಮಾತು ಯಾರು ಹೇಳುತ್ತಾರೆ?

ನನ್ನ ಬಾಯಿಯನ್ನು ಅವರು ನೋಡುವ ರೀತಿ ಮೊದಮೊದಲು ನನಗೆ ಮುಜುಗರ ತಂದಿತು. ಆಮೇಲೆ ಅದೇ ಸಂಕಟವಾಯಿತು. ನಾನು ನುಂಗಿದಾಗ ಅವರ ಗಂಟಲೂ ಆಡುತ್ತಿತ್ತು.

ಒಂದು ದಿನ ಮಾತಿನ ನಡುವೆ ಏನು ತಿನ್ನಬೇಕೆನಿಸುತ್ತದೆ ಎಂದು ಕೇಳಿಬಿಟ್ಟೆ.

"ಕೊಲೊಕಾಸ್" ಎಂದರು ಪೆಂಬೆ.

ಅವರಿಗೆ ಹೇಳಿ ತಿಳಿಸಲಾಗಲಿಲ್ಲ, ಸಾಲಿಹ್ ಒಂದು ಕಾಗದದಲ್ಲಿ ಚಿತ್ರ ಬರೆದರು. ಆನೆಯ ಕಿವಿಯಂಥ ಎಲೆ, ಕೆಳಗೆ ಕೂದಲಿನ ಗಡ್ಡೆ. ನಾನು "ಅಯ್ಯೋ ದೇವರೇ, ಕೆಸು!" ಎಂದೆ. "ನನ್ನ ಹತ್ತಿರ ಉಂಟು. ಕೆಳಗೆ ಉಂಟು." ಕನ್ನಡದಲ್ಲಿಯೇ ಹೇಳಿದ್ದೆ. ಅವರಿಗೆ ಅರ್ಥವಾಗಿತ್ತು. ಪೆಂಬೆ ದಿಂಬು ಬಿಟ್ಟು ನೆಟ್ಟಗೆ ಕುಳಿತರು. ನಾನು ಅವರನ್ನು ಹಾಗೆ ನೋಡಿದ್ದು ಅದೇ ಮೊದಲು.

ಮಾರುಕಟ್ಟೆ

ಮರುದಿನ ಸಾಲಿಹ್, ಹರೀಶ, ನಾನು ಮೂವರೂ ಸಾಮಾನು ತರಲು ಹೋದೆವು. ಸಾಲಿಹ್ ಈ ಗಡ್ಡೆಗಾಗಿ ತಿಂಗಳಿನಿಂದ ಹುಡುಕುತ್ತಿದ್ದರಂತೆ. ಈಜಿಪ್ಟಿನವರ ಅಂಗಡಿಗೆ ಅದು ಬರುವುದು ಚಳಿಗಾಲದಲ್ಲಿ. ಈಗ ಇದ್ದದ್ದು ಹೆಚ್ಚಿ ತೊಳೆದು ಮಂಜು ಹಿಡಿಸಿದ ಪ್ಯಾಕೆಟು. ಅದನ್ನು ತಂದು ಬೇಯಿಸಿದ್ದರಂತೆ. ಪೆಂಬೆ ಒಂದು ತುಂಡು ಬೆರಳಲ್ಲಿ ಹಿಚುಕಿ, ಇದು ನೀರು ಕಂಡಿದೆ, ಲೋಳೆ ಎಂದು ತಟ್ಟೆ ದೂಡಿದ್ದರಂತೆ.

ನಾವು ಸೂಪರ್ ಮಾರ್ಕೆಟಿನ ಒಳಗಿದ್ದಾಗ ನಮಾಜಿನ ಕರೆ ಆಯಿತು. ಷಟರು ಅರ್ಧ ಎಳೆದು ದೀಪ ಆರಿಸಿದರು. ಒಳಗಿದ್ದವರು ಒಳಗೇ. ಹರೀಶ ಹೊರಗೆ ಕಾರಿನಲ್ಲಿ, ನಾನು ಮತ್ತು ಸಾಲಿಹ್ ತರಕಾರಿಯ ಸಾಲಿನಲ್ಲಿ ಸೆಲರಿಯ ಕಟ್ಟು ಹಿಡಿದುಕೊಂಡು ಮಬ್ಬಿನಲ್ಲಿ ನಿಂತೆವು. ಅವರು ಅಲ್ಲಿಯೇ ಒಂದು ರಟ್ಟಿನ ತುಂಡು ಹಾಸಿ ಪ್ರಾರ್ಥನೆ ಮುಗಿಸಿ ಬಂದು, ಕೇಳದೆಯೇ ಹೇಳತೊಡಗಿದರು.

ಅವರಿಬ್ಬರ ಊರು ದ್ವೀಪದ ದಕ್ಷಿಣದಲ್ಲಿತ್ತು. ಕಾಲುವೆಯ ಬದಿಯ ಜೌಗು ಮಣ್ಣಿನಲ್ಲಿ ಪೆಂಬೆಯ ಅಪ್ಪ ಕೊಲೊಕಾಸ್ ಬೆಳೆಯುತ್ತಿದ್ದರು. ದ್ವೀಪ ಎರಡು ಪಾಲಾದಾಗ ಅವರೆಲ್ಲ ಉತ್ತರಕ್ಕೆ ಬರಬೇಕಾಯಿತು. ಪೆಂಬೆಗೆ ಆಗ ಹದಿನೆಂಟು ತುಂಬಿತ್ತು. ಅವರ ಅಮ್ಮ ಬೇರೆ ಏನನ್ನೂ ತರದೆ ಒಂದು ಮೂಟೆ ಗಡ್ಡೆ ತಂದಿದ್ದರು. ಉತ್ತರದ ಒಣ ಮಣ್ಣಿನಲ್ಲಿ ಅದು ಏಳಲಿಲ್ಲ.

"ಇದನ್ನು ತಿಂದರೆ ಅವಳು ಏಳುತ್ತಾಳೆ ಟೀಚರ್" ಎಂದರು ಸಾಲಿಹ್. "ಡಾಕ್ಟರು ಮುಂದಿನ ಮಂಗಳವಾರ ನೋಡುತ್ತಾರೆ. ಸೀಟು ಗುರುವಾರಕ್ಕೆ ಉಂಟು."

ನಾನು ಟೊಮೆಟೊ ಆರಿಸತೊಡಗಿದೆ. ಅವರು ಬೇಡ ಎಂದರು. ಸಾಮಾನ್ಯವಾಗಿ ಹಾಕುತ್ತಾರಂತೆ, ಕೊನೆಗೆ ನಿಂಬೆಯನ್ನೂ ಹಿಂಡುತ್ತಾರಂತೆ. ಆದರೆ ಪೆಂಬೆಯ ಬಾಯಿಯ ಹುಣ್ಣಿಗೆ ಹುಳಿ ತಾಗಿದರೆ ಬೆಂಕಿ.

"ನಮ್ಮಲ್ಲಿ ಇದಕ್ಕೆ ಹುಣಸೆಹುಳಿ ಹಾಕದೆ ಬೇಯಿಸುವುದೇ ಇಲ್ಲ" ಎಂದೆ.

"ಹುಣಸೆ ಹಾಕಿದರೆ ಅದು ನಿಮ್ಮ ಅಡುಗೆ ಆಯಿತು" ಎಂದು ಅವರು ಮೆಲ್ಲಗೆ ನಕ್ಕರು. "ಅವಳಿಗೆ ಅವಳಮ್ಮನದ್ದು ಬೇಕು."

ಏಕೆ ಹಾಕುತ್ತೇವೆ ಎಂದು ಅವರು ಕೇಳಲಿಲ್ಲ. ನಾನು ಹೇಳಲಿಲ್ಲ. ದೀಪ ಹತ್ತಿತು, ಷಟರು ಮೇಲೆ ಹೋಯಿತು, ನಾವು ಕುರಿಯ ಮಾಂಸದ ಸಾಲಿಗೆ ಹೋದೆವು.

ಆ ದಿನ ಸಂಜೆ ಕೆಸು ಬೇಯಿಸುವ ವಿಷಯ ಮಗಳಿಗೆ ಹೇಳಿದಾಗ ಅವಳು, "ಮೆತ್ತಗೆ ಬೇಯಿಸಿ ಕೊಟ್ಟರೆ ಆಯ್ತು ಅಮ್ಮ. ತಿಂದರೆ ಒಳ್ಳೆದೇ. ತುರಿಸುದು ಗಿರಿಸುದು ನಿನಗೆ ಗೊತ್ತುಂಟಲ್ಲ, ನೀನಿದ್ದೀ ಅಲ್ವಾ" ಎಂದು ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತ ಹೇಳಿದಳು. ಅಡುಗೆಗೆ ಗೊತ್ತು ಮಾಡಿದ ಶುಕ್ರವಾರ ಅವಳಿಗೆ ಡ್ಯೂಟಿ ಇತ್ತು.

ಶುಕ್ರವಾರ

ಪೆಂಬೆ ಅಡುಗೆಮನೆಗೆ ಕುರ್ಚಿ ಹಾಕಿಸಿಕೊಂಡಿದ್ದರು. ತಲೆಗೆ ಹೂವಿನ ಅಂಚಿನ ಬಿಳಿ ಬಟ್ಟೆ ಕಟ್ಟಿದ್ದರು, ತುಟಿಗೆ ಸ್ವಲ್ಪ ಬಣ್ಣ ಹಚ್ಚಿದ್ದರು. ಆಲಿವ್ ಎಲೆಗೆ ಕೆಂಡ ತಾಗಿಸಿ ಸಾಲಿಹ್ ಅವರ ತಲೆಯ ಸುತ್ತ ಮೂರು ಸಲ ಹೊಗೆ ತಿರುಗಿಸಿದರು, ದೃಷ್ಟಿ ತೆಗೆಯಲು. ನಾವು ಮೆಣಸು ಉಪ್ಪು ನಿವಾಳಿಸುವುದನ್ನು ನಾನು ಹೇಳಿದೆ. ಮೂವರೂ ನಕ್ಕೆವು. ಅದು ಆ ಮನೆಯಲ್ಲಿ ನಾನು ಕೇಳಿದ ಕೊನೆಯ ನಗು.

ಕೊಲೊಕಾಸನ್ನು ಹೆಚ್ಚಬಾರದು. ಸಿಪ್ಪೆ ತೆಗೆದು, ತೊಳೆಯದೆ, ಒಣ ಬಟ್ಟೆಯಿಂದ ಒರೆಸಿ, ಚೂರಿಯ ಮೊನೆ ಸ್ವಲ್ಪ ಇಳಿಸಿ, ತಿರುಚಿ ಒಡೆಯಬೇಕು. ಟಕ್ ಎಂದು ಒಡೆದರೆ ಲೋಳೆ ಬರುವುದಿಲ್ಲ. ಪೆಂಬೆ ಒಂದನ್ನು ತಾವೇ ಒಡೆದು ತೋರಿಸಿದರು. ಆ ಕೈಗೆ ಅಷ್ಟು ಶಕ್ತಿ ಎಲ್ಲಿತ್ತೋ. ಅದನ್ನು ಅವರು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿ ಬಹಳ ಹೊತ್ತು ಕುಳಿತರು.

ಮೂರನೆಯ ಗಡ್ಡೆಗೆ ನನ್ನ ಬೆರಳ ಸಂದು ತುರಿಸತೊಡಗಿತು. ಐದನೆಯದಕ್ಕೆ ಮುಂಗೈ ಕೆಂಪಾಯಿತು. ನೆಡುವ ಹೊತ್ತಿಗೆ ಮೊಳಕೆ ಕಟ್ಟುತ್ತಿದ್ದ ಗಡ್ಡೆ, ಅದರ ಸೊಕ್ಕು ನನಗೆ ಗೊತ್ತು. ಊರಿನಲ್ಲಾಗಿದ್ದರೆ ಕೈಗೆ ತೆಂಗಿನೆಣ್ಣೆ ಸವರಿಯೇ ಮುಟ್ಟುತ್ತಿದ್ದೆ. ನಾನು ಕೈಯನ್ನು ಸೆರಗಿನಡಿ ಒರೆಸಿಕೊಂಡೆ. ಕುದಿಸಿ ಆ ನೀರು ಚೆಲ್ಲೋಣವೇ ಎಂದು ಒಂದು ಮಾತು ಕೇಳಿದೆ. "ನೀರೇ? ಇಲ್ಲ ಇಲ್ಲ" ಎಂದು ಪೆಂಬೆ ಮಗುವಿನ ಹಾಗೆ ತಲೆಯಾಡಿಸಿದರು. "ಎಣ್ಣೆಯಲ್ಲಿ ಹುರಿ. ಆಮೇಲೆ ಮಾಂಸದ ಮೇಲೆ."

ಇಷ್ಟೇ ಹೇಳಿದ್ದರೆ ಸಾಕಿತ್ತು. ಇದು ತಿನ್ನುವ ಗಡ್ಡೆಯಲ್ಲ ಪೆಂಬೆ, ನೆಡಲು ತಂದದ್ದು. ನಾಲಗೆಯ ತುದಿಗೆ ಬಂದಿತ್ತು. ಆದರೆ ಅವರು ಆ ಹೊತ್ತಿಗೆ ಅಮ್ಮನ ಒಲೆಯ ವಿಷಯ ಹೇಳುತ್ತಿದ್ದರು. ಸಾಲಿಹ್ ಬಾಗಿಲಿಗೆ ಒರಗಿ ಹೆಂಡತಿಯನ್ನೇ ನೋಡುತ್ತಿದ್ದರು. ಎರಡು ಗಂಟೆ ಬೇಯಿಸಿದರೆ ಏನೂ ಆಗದು ಎಂದು ನನಗೆ ನಾನೇ ಹೇಳಿಕೊಂಡೆ. ಎಣ್ಣೆಯಲ್ಲಿ ಹುರಿದರೆ ತುರಿಕೆ ಸಾಯುತ್ತದೆ ಎಂದುಕೊಂಡೆ. ಅವರ ಖುಷಿಯನ್ನು ಕೆಡಿಸುವವಳು ನಾನಾಗಬಾರದು ಎಂದುಕೊಂಡೆ. ಮೂವತ್ತು ವರ್ಷ ಮಕ್ಕಳಿಗೆ ಗೊತ್ತಿದ್ದರೆ ಕೈ ಎತ್ತಿ ಎಂದು ಹೇಳಿದವಳು ನಾನು.

ಈರುಳ್ಳಿ, ಸೆಲರಿ, ಕುರಿಯ ಮಾಂಸ, ಮೇಲೆ ಹುರಿದ ಕೊಲೊಕಾಸ್. ಸಣ್ಣ ಉರಿಯಲ್ಲಿ ಬೆಂದು ಮನೆಯೆಲ್ಲ ಘಮಘಮ ಅಂದಿತು. ಇಳಿಸುವ ಮೊದಲು ಸಾಲಿಹ್ ಒಂದು ಚಮಚ ನನ್ನ ಕಡೆ ಚಾಚಿ, "ರುಚಿ ನೋಡಿ ಟೀಚರ್" ಎಂದರು.

"ನಮ್ಮಲ್ಲಿ ಬಡಿಸುವ ಮೊದಲು ರುಚಿ ನೋಡುವುದಿಲ್ಲ" ಎಂದೆ. ನಿಜವೇ, ನಮ್ಮ ಮನೆಯಲ್ಲಿ ಆ ಪದ್ಧತಿ ಇಲ್ಲ. ಅದನ್ನು ಹೆಮ್ಮೆಯಿಂದಲೇ ಹೇಳಿದೆ. ಹಾಗಾದರೆ ಮೊದಲ ತುತ್ತು ಪೆಂಬೆಗೇ ಎಂದರು ಅವರು.

ಪೆಂಬೆ ಒಂದು ತುಂಡು ತಿಂದರು. ಎರಡು. ಮೂರು. ಸಾಲಿಹ್ ಗೋಡೆಯ ಕಡೆ ತಿರುಗಿ ನಿಂತರು, ಅವರ ಭುಜ ಅಲುಗುತ್ತಿತ್ತು. ಐದನೆಯ ತುಂಡಿಗೆ ಪೆಂಬೆ ಚಮಚ ಕೆಳಗಿಟ್ಟು, ಗಂಟಲಿಗೆ ಕೈಯಿಟ್ಟು, ಮತ್ತೆ ಚಮಚ ಎತ್ತಿಕೊಂಡರು. ನನ್ನನ್ನು ನೋಡಿ ಮುಗುಳ್ನಕ್ಕರು. ನಾನೂ ಆಗಷ್ಟೇ ಒಂದು ತುಂಡು ಬಾಯಿಗೆ ಹಾಕಿದ್ದೆ. ಸೂಜಿ. ನಾಲಗೆಯ ಬುಡದಲ್ಲಿ, ಗಂಟಲಿನಲ್ಲಿ ನೂರು ಸೂಜಿ. ಹುಣ್ಣಿಲ್ಲದ ನನ್ನ ಬಾಯಿಗೇ ಹಾಗೆ. ತಲೆಯೆತ್ತಿ ನೋಡಿದರೆ ಪೆಂಬೆಯ ಕಣ್ಣಿನಲ್ಲಿ ನೀರು ತುಂಬಿತ್ತು, ಅವರು ಆರನೆಯ ತುಂಡನ್ನು ಬಾಯಿಗೆ ಹಾಕುತ್ತಿದ್ದರು. ನಮಗೆ ಬೇಸರವಾಗಬಾರದೆಂದು.

"ಬೇಡ! ಉಗಿಯಿರಿ!" ಎಂದು ನಾನು ಕನ್ನಡದಲ್ಲಿ ಕಿರುಚಿದೆ. ಆಗ ಬಂತು ನನ್ನ ಬಾಯಿಗೆ ಮಾತು.

ಆಸ್ಪತ್ರೆ

ಪೆಂಬೆಯ ಗಂಟಲು ಬಾತುಹೋಗಿ ಉಸಿರಿಗೆ ಕಷ್ಟವಾಯಿತು. ಹರೀಶ ಕಾರಿನಲ್ಲಿ ಮಲಗಿಸಿಕೊಂಡು ಹೋದ. ಎಮರ್ಜೆನ್ಸಿಯ ಬಾಗಿಲಲ್ಲಿ ಪ್ರತಿಮಾ ನನ್ನ ತೋಳು ಹಿಡಿದು ಬದಿಗೆ ಎಳೆದಳು.

"ಎಂತ ಹಾಕಿದ್ದು ಅಮ್ಮ?"

"ಎಂತ ಇಲ್ಲ. ಕೆಸು."

"ಹುಳಿ?"

ನಾನು ತಲೆ ತಗ್ಗಿಸಿದೆ. ಅವಳು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ. "ನಿನ್ನನ್ನು ನಂಬಿ ಬಿಟ್ಟದ್ದು ಅಲ್ವಾ ನಾನು" ಎಂದಷ್ಟೇ ಹೇಳಿ ಒಳಗೆ ಓಡಿದಳು.

ಬಾವು ಎರಡು ದಿನದಲ್ಲಿ ಇಳಿಯಿತು. ಆದರೆ ಬಾಯಿಯ ಹುಣ್ಣುಗಳು ಒಡೆದು ನಂಜಾದವು. ಬಾಯಿಂದ ಒಂದು ಹನಿ ನೀರೂ ಇಳಿಯಲಿಲ್ಲ. ಮಂಗಳವಾರ ಡಾಕ್ಟರು ಬಂದು ನೋಡಿ, ಪತ್ರದ ಮಾತೇ ಎತ್ತದೆ ಹೋದರು. ಗುರುವಾರದ ವಿಮಾನ ಹೋಯಿತು.

ನಾನು ದಿನಾ ಹೋಗಿ ಹಾಸಿಗೆಯ ಪಕ್ಕ ಕುಳಿತುಕೊಳ್ಳುತ್ತಿದ್ದೆ. ಒಂದು ದಿನ ಪೆಂಬೆ ನನ್ನ ಕೈ ಹಿಡಿದು, ಬೆರಳ ಸಂದಿನಲ್ಲಿ ಇನ್ನೂ ಇದ್ದ ಕೆಂಪನ್ನು ಹೆಬ್ಬೆರಳಿನಿಂದ ಸವರಿದರು. ತುಟಿ ಅಲುಗಿತು. ಸ್ವರವಿರಲಿಲ್ಲ, ಬಾಗಿ ಕಿವಿಯಿಟ್ಟೆ. "ಎಲಿನೆ ಸಾಲಿಕ್" ಎನ್ನುತ್ತಿದ್ದರು.

ಅದನ್ನು ಕೇಳಿದ ಮೇಲೆ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಕಾರಿಡಾರಿನ ಕುರ್ಚಿಯಲ್ಲಿ ಸಾಲಿಹ್ ಕುಳಿತಿದ್ದರು. ಪಕ್ಕದಲ್ಲಿ ಕುಳಿತು ಹೇಳಿದೆ. "ಆ ಗಡ್ಡೆ ನೆಡಲು ತಂದದ್ದು. ಹುಳಿ ಹಾಕದಿದ್ದರೆ ತುರಿಸುತ್ತದೆ. ನನಗೆ ಗೊತ್ತಿತ್ತು."

ಅವರು ನಿಧಾನವಾಗಿ ತಿರುಗಿದರು. "ಯಾವಾಗ ಗೊತ್ತಾಯಿತು?"

"ಮೊದಲೇ. ಒಡೆಯುವಾಗ ಕೈ ತುರಿಸಿದಾಗ ಇನ್ನೂ ಚೆನ್ನಾಗಿ."

"ಹೇಳಬಹುದಿತ್ತು."

"ಹೌದು."

ಅವರು ಬಯ್ಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಎದ್ದು ಹೋಗಿ ಮಷಿನ್ನಿನಿಂದ ನೀರು ಹಿಡಿದು ಕುಡಿದರು. ತಿರುಗಿ ಬಂದು ಆಚೆ ಬದಿಯ ಕುರ್ಚಿಯಲ್ಲಿ ಕುಳಿತರು. ಆಮೇಲೆ ನಾನು ವಾರ್ಡಿಗೆ ಹೋದಾಗಲೆಲ್ಲ ಅವರು ಹೊರಗೆ ಹೋಗಿಬಿಡುತ್ತಿದ್ದರು.

ಪೆಂಬೆ ಆಸ್ಪತ್ರೆ ಸೇರಿದ ಹದಿನಾಲ್ಕನೆಯ ದಿನ ತೀರಿಕೊಂಡರು. ಕಾಯಿಲೆಯಿಂದಲೇ ಹೋದದ್ದು, ಕೆಸುವಿನಿಂದ ಅಲ್ಲ, ಹೇಗೂ ವಿಮಾನ ಹತ್ತುವ ಸ್ಥಿತಿ ಬರುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ಪ್ರತಿಮಾ ಅದನ್ನು ನನಗೆ ಮೂರು ನಾಲ್ಕು ಸಲ ಹೇಳಿದಳು. ಪ್ರತಿ ಸಲ ಹೇಳುವಾಗಲೂ ಅವಳು ಬೇರೆ ಕಡೆ ನೋಡುತ್ತಿದ್ದಳು. ಇರಬಹುದು. ಆದರೆ ಅವರು ನೆಟ್ಟಗೆ ಕುಳಿತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಹೆಣವನ್ನು ದ್ವೀಪಕ್ಕೆ ಕಳಿಸುವ ಕಾಗದಪತ್ರ ಮುಗಿಯುವ ಹಾಗಿರಲಿಲ್ಲ. ಎ‌ಕ್ಸಿಟ್ಟಿನ ಗಡುವೂ ತೀರುತ್ತಿತ್ತು. ತಬೂಕಿನಲ್ಲಿಯೇ ಮಣ್ಣು ಮಾಡಿದರು. ಅಲ್ಲಿನ ಸ್ಮಶಾನಕ್ಕೆ ಹೆಂಗಸರು ಹೋಗುವಂತಿಲ್ಲ. ಹರೀಶ ಹೋಗಿ ಬಂದ. ಹೇಗಿತ್ತು ಎಂದು ಕೇಳಿದೆ.

"ಎಂತ ಹೇಳುದು ಅತ್ತೆ, ಒಣ ಮಣ್ಣು. ಹೆಸರು ಬರೆಯುದಿಲ್ಲ, ಒಂದು ಕಲ್ಲು ಇಡ್ತಾರೆ ಅಷ್ಟೆ" ಎಂದ. ಅವನ ಚಪ್ಪಲಿಗೆ ಹತ್ತಿದ್ದ ಆ ಮಣ್ಣನ್ನು ಬಾಗಿಲಲ್ಲಿ ಕೊಡವಿದ.

ಏಳನೆಯ ದಿನ

ಸತ್ತ ಏಳನೆಯ ದಿನ ಅವರಲ್ಲಿ ರವೆಯ ಹಲ್ವ ಮಾಡುತ್ತಾರೆ. ಇದನ್ನು ಪೆಂಬೆಯೇ ಒಂದು ಸಂಜೆ ನನಗೆ ಹೇಳಿದ್ದರು. ತುಪ್ಪದಲ್ಲಿ ರವೆಯನ್ನು ಒಂದೇ ಸಮನೆ ಹುರಿಯಬೇಕು, ಕೈ ಬದಲಿಸಬಹುದು, ಸೌಟು ನಿಲ್ಲಬಾರದು. ಮನೆಗೆ ಬಂದವರೆಲ್ಲ ಒಂದೊಂದು ಸುತ್ತು ತಿರುವಿ ಸತ್ತವರ ಹೆಸರು ಹೇಳುತ್ತಾರೆ. ನಮ್ಮ ಸಜ್ಜಿಗೆಯೇ, ಆದರೆ ಬಣ್ಣ ಜೇನಿನ ಹಾಗೆ ಆಗುವವರೆಗೆ ಬಿಡುವುದಿಲ್ಲ.

ಬೆಳಗ್ಗೆ ಹತ್ತು ಗಂಟೆಗೆ ಮೇಲಿನಿಂದ ರವೆ ಹುರಿಯುವ ಪರಿಮಳ ಬಂತು. ನಾನು ಸೀರೆ ಸರಿಮಾಡಿಕೊಂಡು ಮೆಟ್ಟಿಲಿನವರೆಗೆ ಹೋದೆ. ನಾಲ್ಕು ಮೆಟ್ಟಿಲು ಹತ್ತಿದೆ. ಮೇಲೆ ಸೌಟು ಪಾತ್ರೆಗೆ ತಾಗುವ ಸದ್ದು ಕೇಳುತ್ತಿತ್ತು. ಒಬ್ಬರೇ ತಿರುವುತ್ತಿದ್ದರು, ಕೈ ಬದಲಿಸಲು ಯಾರೂ ಇರಲಿಲ್ಲ. ಹಿಂತಿರುಗಿ ಬಂದು ಬಾಗಿಲು ಹಾಕಿಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಸಾಲಿಹ್ ತಟ್ಟೆಗಳನ್ನು ಹಂಚುತ್ತ ಇಳಿದು ಬಂದರು. ನಾನು ಬಾಗಿಲಿನ ಹಿಂದೆ ನಿಂತಿದ್ದೆ. ಎದುರು ಮನೆಯ ಕದ ತಟ್ಟಿದರು, ಸಲಾಂ ಹೇಳಿದರು, ತಟ್ಟೆ ಕೊಟ್ಟರು. ಪಕ್ಕದ ಮನೆಯ ಕದ ತಟ್ಟಿದರು. ಅವರ ಹೆಜ್ಜೆ ನಮ್ಮ ಬಾಗಿಲ ಮುಂದೆ ಬಂತು. ಬಂದು ನಿಂತಿತು. ನಾನು ಚಿಲಕದ ಮೇಲೆ ಕೈಯಿಟ್ಟೆ. ಹೆಜ್ಜೆ ಮುಂದೆ ಹೋಯಿತು, ಮೆಟ್ಟಿಲಿಳಿಯಿತು, ಕೆಳಗಿನ ಮನೆಯ ಕದ ತಟ್ಟುವುದು ಕೇಳಿಸಿತು.

ಅರ್ಧ ಗಂಟೆ ಕಳೆದು ಎದುರು ಮನೆಯ ಶಬಾನಾ ಬಂದರು. ಪಾಕಿಸ್ತಾನದವರು, ಶಾಲೆಗೆ ಹೋಗುವ ಮೂರು ಮಕ್ಕಳ ತಾಯಿ, ಯಾರ ವಿಷಯವೂ ಗೊತ್ತಿಲ್ಲದ ಸಾಧು ಹೆಂಗಸು. ಕೈಯಲ್ಲಿ ಅವರ ಪಾಲಿನ ಹಲ್ವದ ತಟ್ಟೆ, ಅದರಲ್ಲಿ ಅರ್ಧ ಖಾಲಿ.

"ಆಂಟಿ, ನಿಮಗೆ ಬರಲಿಲ್ಲವಾ? ಕಸ ಹಾಕಲು ಹೋದಾಗ ನೋಡಿದೆ, ನಿಮ್ಮದೊಂದು ಬಿಟ್ಟು ಎಲ್ಲರ ಬಾಗಿಲಿಗೂ ಕೊಟ್ಟಿದ್ದಾರೆ" ಎಂದರು, ನನ್ನ ಹಿಂದಿಗೆ ತಿಳಿಯುವ ಉರ್ದುವಿನಲ್ಲಿ. "ಪಾಪ, ದುಃಖದಲ್ಲಿ ಮರೆತಿರಬೇಕು. ತಗೊಳ್ಳಿ, ಅವರ ಆತ್ಮಕ್ಕೆ ಸೇರಲಿ."

ನಾನು ತಟ್ಟೆ ತೆಗೆದುಕೊಂಡೆ. ಹಲ್ವ ಇನ್ನೂ ಬೆಚ್ಚಗಿತ್ತು.

"ಹೌದಮ್ಮ, ಮರೆತಿರಬೇಕು" ಎಂದೆ.